ಒಂದು ವರಸೆ ಬಲ್ಲವನಿಗೆ ಇನ್ನೊಂದು ಸುಲಭವೇ?

ನಮ್ಮ ವಿದ್ಯಾಸಂಸ್ಥೆಯ ಹಿಂಬದಿಯಲ್ಲಿ, ಹುಣಸೆಮರಗಳ ನೆರಳಿನಲ್ಲಿ ಒಂದು ಹಳೆಯ ಗರಡಿಮನೆ ಇರುವುದು ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯವಾಗಿದೆ. ಅಲ್ಲಿಯ ಕೆಮ್ಮಣ್ಣು ಮೈಗೆ ಮೆತ್ತಿಕೊಂಡು ತರಗತಿಗೆ ಓಡಿಬಂದು ಉಪಾಧ್ಯಾಯರಿಂದ ಬೈಸಿಕೊಂಡವರು ಈ ಸಂಚಿಕೆಯ ವಾಚಕರಲ್ಲಿ ಎಷ್ಟೋ ಮಂದಿ ಇದ್ದಾರೆ. ಈಚೆಗೆ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ದಾನಿಗಳೊಬ್ಬರು ಆ ಗರಡಿಯ ಜಾಗದಲ್ಲಿಯೇ ಒಂದು ಒಳಾಂಗಣ ಸಭಾಂಗಣವನ್ನು ಕಟ್ಟಿಸಿ, ಮ್ಯಾಟ್ ಹಾಸಿ, ಮಕ್ಕಳಿಗೆ ಕರಾಟೆ, ಜೂಡೋ ಮುಂತಾದ ವಿದ್ಯೆಗಳನ್ನು ಕಲಿಸುವ ಏರ್ಪಾಡು ಮಾಡಬೇಕೆಂದು ಉದಾರವಾದ ಸಲಹೆಯನ್ನು ಮುಂದಿಟ್ಟರು. ಸಭೆ ಕೂಡಲೇ ಎರಡು ಪಕ್ಷವಾಯಿತು.

ಒಂದು ಪಕ್ಷದವರು, "ಕರಾಟೆ ಕಲಿಯಬೇಕಾದ ಹುಡುಗ ಗರಡಿಯಲ್ಲಿ ಬಸ್ಕಿ ಹೊಡೆಯುತ್ತ ಕಾಲವನ್ನೇಕೆ ಕಳೆಯಬೇಕು? ಯಾವುದು ಬೇಕೋ ಅದನ್ನೇ ನೇರವಾಗಿ ಕಲಿಯಲಿ" ಎಂದರು. ಇನ್ನೊಂದು ಪಕ್ಷದ ಹಿರಿಯ ಪೈಲ್ವಾನರು, "ಕುಸ್ತಿ ಬಂದವನಿಗೆ ಎಲ್ಲವೂ ಬಂದ ಹಾಗೆ. ಬೇರೆಯದನ್ನು ಕಲಿಸುವ ಅಗತ್ಯವೇ ಇಲ್ಲ" ಎಂದರು. ದೈಹಿಕ ಶಿಕ್ಷಣ ಶಿಕ್ಷಕನಾಗಿ ದೀರ್ಘಕಾಲ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಎರಡೂ ಮಾತುಗಳಲ್ಲಿ ಅರ್ಧ ಸತ್ಯ ಮಾತ್ರ ಕಂಡಿತು. ಒಂದು ಮಲ್ಲವಿದ್ಯೆಯ ಅಭ್ಯಾಸವು ಮತ್ತೊಂದನ್ನು ಕಲಿಯುವಾಗ ನೆರವಾಗುತ್ತದೆಯೇ, ಅಡ್ಡಿಯಾಗುತ್ತದೆಯೇ ಎಂಬ ಮೂಲ ಪ್ರಶ್ನೆಯನ್ನು ಬಿಡಿಸಿಕೊಳ್ಳದೆ ಕಟ್ಟಡದ ಮಾತನ್ನು ಆಡುವುದು ತರವಲ್ಲವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ತಾಯಲೂರು ಸೀಮೆಯವರಾದ ನಮಗೆ ಈ ಪ್ರಶ್ನೆಯ ಉತ್ತರ ಮನೆಯ ಬಾಗಿಲಲ್ಲಿಯೇ ಇದೆ. ಆಂಧ್ರದ ಗಡಿಗೆ ಅಂಟಿಕೊಂಡ ಈ ಭಾಗದಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಓದುತ್ತಾರೆ. ಅವರಿಗೆ ಕನ್ನಡ ಬೇಗ ಬರುತ್ತದೆ. ವಾಕ್ಯದ ಕಟ್ಟು ಒಂದೇ ಬಗೆಯದು, ಊರು, ಕಾಲು ಮೊದಲಾದ ಎಷ್ಟೋ ಮಾತುಗಳು ಎರಡರಲ್ಲಿಯೂ ಇವೆ, ಲಿಪಿಗಳಂತೂ ಅಕ್ಕತಂಗಿಯರಂತಿವೆ. ಆದರೆ ತೊಡಕು ಬರುವುದೂ ಆ ಹೋಲಿಕೆಯಿಂದಲೇ. ಒಮ್ಮೆ ತೋಟದಲ್ಲಿ ಓಡುತ್ತಿದ್ದ ಪಂಪಿನ ಬಳಿ ನಿಂತಿದ್ದ ಹುಡುಗನಿಗೆ ಉಪಾಧ್ಯಾಯರೊಬ್ಬರು "ಇನ್ನೊಂದನ್ನೂ ಚಾಲು ಮಾಡಪ್ಪಾ" ಎಂದು ಕೂಗಿ ಹೇಳಿದರು. ತೆಲುಗಿನಲ್ಲಿ 'ಚಾಲು' ಎಂದರೆ ಸಾಕು. ಹುಡುಗ ಓಡುತ್ತಿದ್ದ ಪಂಪನ್ನೂ ನಿಲ್ಲಿಸಿಬಿಟ್ಟ! ಬಲ್ಲ ಭಾಷೆ ಹೊಸ ಭಾಷೆಗೆ ದಾರಿ ತೋರುತ್ತದೆ, ಹಾಗೆಯೇ ಕೆಲವು ತಿರುವುಗಳಲ್ಲಿ ದಾರಿ ತಪ್ಪಿಸುತ್ತದೆ. ದೇಹದ ಭಾಷೆಯಾದ ಮಲ್ಲವಿದ್ಯೆಯೂ ಇದಕ್ಕೆ ಹೊರತಾದುದಲ್ಲ.

ಶಿಕ್ಷಕ ಬಾಂಧವರು ತಮ್ಮ ತರಬೇತಿಯ ದಿನಗಳಲ್ಲಿ 'ಕಲಿಕೆಯ ವರ್ಗಾವಣೆ' ಎಂಬ ಪಾಠವನ್ನು ಓದಿಯೇ ಇರುತ್ತಾರೆ. ಒಂದು ಕಲಿಕೆ ಇನ್ನೊಂದಕ್ಕೆ ನೆರವಾದರೆ ಧನಾತ್ಮಕ ವರ್ಗಾವಣೆ, ಅಡ್ಡಿಯಾದರೆ ಋಣಾತ್ಮಕ, ಎರಡೂ ಅಲ್ಲದಿದ್ದರೆ ಶೂನ್ಯ ವರ್ಗಾವಣೆ. 1901ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಪ್ರಯೋಗಗಳ ಆಧಾರದ ಮೇಲೆ, ಎರಡು ಕೆಲಸಗಳಲ್ಲಿ ಸಮಾನವಾದ ಅಂಶಗಳು ಎಷ್ಟಿವೆಯೋ ಅಷ್ಟರಮಟ್ಟಿಗೆ ಮಾತ್ರ ಕಲಿಕೆ ದಾಟಿ ಹೋಗುತ್ತದೆ ಎಂದು ಪ್ರತಿಪಾದಿಸಿದರು. 1908ರಲ್ಲಿ ಚಾರ್ಲ್ಸ್ ಜಡ್ ಎಂಬುವರು ಇದಕ್ಕೆ ಇನ್ನೊಂದು ಮುಖವನ್ನು ತೋರಿಸಿದರು. ನೀರಿನಡಿಯಲ್ಲಿ 12 ಅಂಗುಲ ಆಳದಲ್ಲಿಟ್ಟ ಗುರಿಗೆ ಚೂಪಾದ ಕಡ್ಡಿಯನ್ನೆಸೆಯಲು ಹುಡುಗರ ಎರಡು ಗುಂಪುಗಳಿಗೆ ಅಭ್ಯಾಸ ಮಾಡಿಸಿದರು. ಒಂದು ಗುಂಪಿಗೆ ನೀರಿನಲ್ಲಿ ಬೆಳಕು ಬಾಗುವ ತತ್ತ್ವವನ್ನೂ ತಿಳಿಸಿಕೊಟ್ಟಿದ್ದರು. ಮೊದಮೊದಲು ಎರಡು ಗುಂಪುಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಗುರಿಯನ್ನು 4 ಅಂಗುಲದ ಆಳಕ್ಕೆ ತಂದಾಗ ತತ್ತ್ವವನ್ನು ಬಲ್ಲ ಹುಡುಗರು ಬೇಗ ಹೊಂದಿಕೊಂಡರು, ಉಳಿದವರು ತಡವರಿಸಿದರು. ಕೈಗೆ ಬಂದ ರೂಢಿಗಿಂತ ಅದರ ಹಿಂದಿನ ಕಾರಣವನ್ನು ಬಲ್ಲವನು ಹೊಸ ಸನ್ನಿವೇಶದಲ್ಲಿ ಮುಂದೆ ಹೋಗುತ್ತಾನೆಂಬುದು ಇದರ ತಾತ್ಪರ್ಯ. ಗರಡಿಯ ಗುರುಗಳೂ ಕರಾಟೆಯ ಶಿಕ್ಷಕರೂ ಮನದಟ್ಟು ಮಾಡಿಕೊಳ್ಳಬೇಕಾದ ಮಾತಿದು.

ಈಗ ನಮ್ಮ ನಾಡಿನ ಪರಂಪರೆಯತ್ತ ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಮುಂದೆ ಅದೇ ಶತಮಾನದಲ್ಲಿ ಶರಣರ ನೆಲೆಯಾದ ಕಲ್ಯಾಣವೇ ಅದು. ಮಲ್ಲರನ್ನು ವಯಸ್ಸು ಮತ್ತು ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸಕ್ರಮವನ್ನೂ ಅಲ್ಲಿ ಹೇಳಲಾಗಿದೆ. ಭಾರವನ್ನು ಹೊರುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳುಗಳನ್ನು ಪಳಗಿಸುವುದು, ಕಂಬದ ಮೇಲೆ ಸಾಧನೆ ಮಾಡುವುದು — ಇವೆಲ್ಲವೂ ಮಲ್ಲನ ದಿನಚರಿಗೆ ಸೇರಿದ್ದವು. ಇವುಗಳಲ್ಲಿ ಯಾವುದೂ ಕುಸ್ತಿಯ ಪಟ್ಟಲ್ಲ. ಪಟ್ಟು ಹಾಕುವ ದೇಹವನ್ನು ಸಿದ್ಧಗೊಳಿಸುವ ಸಾಮು. ಇಂದು ಉತ್ತರ ಕರ್ನಾಟಕದ ಮಕ್ಕಳು ಪ್ರತ್ಯೇಕ ಕ್ರೀಡೆಯಾಗಿ ಆಡುವ ಮಲ್ಲಗಂಬವೂ ಕುಸ್ತಿಪಟುವಿನ ಸಾಧನೆಗೆಂದೇ ಬೆಳೆದುಬಂದ ವಿದ್ಯೆ.

ಸಾಮು ಬೇರೆ, ಪಟ್ಟು ಬೇರೆ ಎಂಬ ಈ ವಿವೇಕದಲ್ಲಿಯೇ ನಮ್ಮ ಪ್ರಶ್ನೆಯ ಉತ್ತರ ಅಡಗಿದೆ. ಸಾಮಿನಿಂದ ಬಂದ ದಮ್ಮು, ಕಾಲಿನ ಹಿಡಿತ, ಸಮತೋಲ, ಬಿದ್ದರೂ ಬೆದರದ ಮನಸ್ಸು, ಎದುರಾಳಿಯ ಮೈ ಯಾವ ಕಡೆಗೆ ವಾಲುತ್ತಿದೆಯೆಂಬ ಅರಿವು — ಇವು ಎಲ್ಲ ವಿದ್ಯೆಗಳಿಗೂ ಸಲ್ಲುವ ನಾಣ್ಯ. ಪಟ್ಟುಗಳಾದರೋ ಆಯಾ ವಿದ್ಯೆಯ ನಿಯಮಗಳಿಗೆ ಕಟ್ಟುಬಿದ್ದಂಥವು. ಒಂದು ಕಡೆ ಗೆಲುವು ತಂದುಕೊಡುವ ಚಾಳಿಯೇ ಇನ್ನೊಂದು ಕಡೆ ಸೋಲಿಗೆ ಕಾರಣವಾದೀತು.

ಇದಕ್ಕೆ ನಾಡಕುಸ್ತಿಯಿಂದ ಮ್ಯಾಟಿನ ಕುಸ್ತಿಗೆ ಹೋದವರ ಅನುಭವಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಅಂಕಗಳ ಲೆಕ್ಕವಿಲ್ಲ. ಬೋರಲಾಗಿ ಮಲಗಿ, ಮಣ್ಣನ್ನು ಕಚ್ಚಿ ಹಿಡಿದು, ಎದುರಾಳಿ ದಣಿಯುವವರೆಗೆ ಕಾಯುವುದು ಅಲ್ಲಿ ಜಾಣತನ. ಇಂದಿನ ಮ್ಯಾಟಿನ ಕುಸ್ತಿ ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿಯುತ್ತದೆ. ಬೆನ್ನು ನೆಲದ ಕಡೆಗೆ ತಿರುಗಿದ ಕ್ಷಣವೇ ಎದುರಾಳಿಗೆ ಅಂಕ, ಸುಮ್ಮನೆ ಕಾಯುವವನಿಗೆ ಎಚ್ಚರಿಕೆ. ನಮ್ಮ ಬೆಳಗಾವಿ ಸೀಮೆಗೆ ನೆರೆಯದಾದ ಕೊಲ್ಲಾಪುರದ ಗರಡಿಗಳಲ್ಲಿ ಪಳಗಿದ ಖಾಶಾಬಾ ದಾದಾಸಾಹೇಬ ಜಾಧವರು 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಮ್ಯಾಟಿನ ರೂಢಿಯಾಗಲಿ, ಅಲ್ಲಿಯ ನಿಯಮಗಳ ಪರಿಚಯವಾಗಲಿ ಇರಲಿಲ್ಲ. ಆದರೂ ಆರನೆಯ ಸ್ಥಾನವನ್ನು ಪಡೆದರು. ಅದು ಗರಡಿಯ ಸಾಮಿನ ಬಲ. ಪದಕ ಬರಲಿಲ್ಲ. ಅದು ಹೊಸ ನಿಯಮಗಳ ಅಪರಿಚಯದ ಫಲ. ಮುಂದಿನ ನಾಲ್ಕು ವರ್ಷ ಹೊಸದನ್ನು ಹೊಸದಾಗಿಯೇ ಕಲಿತು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಪದಕವನ್ನು ತಂದರು. ಆ ಪ್ರಯಾಣದ ವೆಚ್ಚಕ್ಕಾಗಿ ಅವರ ಕಾಲೇಜಿನ ಪ್ರಾಂಶುಪಾಲರಾಗಿದ್ದವರು ತಮ್ಮ ಮನೆಯನ್ನೇ 7000 ರೂಪಾಯಿಗಳಿಗೆ ಒತ್ತೆಯಿಟ್ಟರೆಂಬುದನ್ನು ದಾನಿಗಳೂ ಶಿಕ್ಷಕರೂ ಓದುವ ಈ ಸಂಚಿಕೆಯಲ್ಲಿ ನೆನೆಯದಿರಲಾರೆ.

ಜೂಡೋ ವಿದ್ಯೆಯ ಹುಟ್ಟೂ ಇದೇ ಪಾಠವನ್ನು ಹೇಳುತ್ತದೆ. ಅದರ ಪ್ರವರ್ತಕರಾದ ಜಪಾನಿನ ಕಾನೋ ಜಿಗೊರೊ ಅವರು ವೃತ್ತಿಯಿಂದ ಶಿಕ್ಷಕರು. ಪ್ರಾಚೀನ ಜುಜುತ್ಸುವಿನ ಎರಡು ಪಂಥಗಳನ್ನು ಬೇರೆ ಬೇರೆ ಗುರುಗಳಿಂದ ಅಭ್ಯಾಸ ಮಾಡಿ, ಅಪಾಯಕರವಾದುದನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟು, 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ, ಕೇವಲ 12 ಚಾಪೆಗಳಷ್ಟು ಜಾಗದಲ್ಲಿ ತಮ್ಮ ಶಾಲೆಯನ್ನು ತೆರೆದರು. ಮಠದ ನೆರಳಿನಲ್ಲಿ ಬೆಳೆದ ನಮ್ಮ ಶಾಲೆಯವರಿಗೆ ಈ ಸಂಗತಿ ಹೃದ್ಯವಾಗದೆ ಇರದು. ವಿದ್ಯಾರ್ಥಿ ದೆಸೆಯಲ್ಲಿ ತಮಗಿಂತ ಬಲಿಷ್ಠನಾದ ಒಬ್ಬ ಸಹಪಾಠಿಯನ್ನು ಸೋಲಿಸಲಾರದೆ, ಅವರು ಪಾಶ್ಚಾತ್ಯ ಕುಸ್ತಿಯ ಪುಸ್ತಕದಲ್ಲಿ ಹುಡುಕಿ, ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಎಸೆಯುವ ಪಟ್ಟನ್ನು ಕಲಿತು ಗೆದ್ದರೆಂಬುದು ಪ್ರಸಿದ್ಧವಾಗಿದೆ. ಇತರ ವಿದ್ಯೆಯಿಂದ ಕಡ ತರುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ. ತಂದುದನ್ನು ತಮ್ಮ ತತ್ತ್ವಕ್ಕೆ ಒಗ್ಗಿಸಿಕೊಳ್ಳುವ ತಿಳಿವಳಿಕೆ ಇತ್ತು.

ಹಾಗೆಂದು ಕುಸ್ತಿಯವನು ಜೂಡೋಗೆ ಹೋದರೆ ಎಲ್ಲವೂ ಹೂವಿನ ಹಾಸಿಗೆಯಲ್ಲ. ಎದುರಾಳಿಯ ಕಾಲನ್ನು ಹಿಡಿದೆಳೆಯುವುದು ಕುಸ್ತಿಯವನ ಮೊದಲ ಚಾಳಿ. ಜೂಡೋ ಸ್ಪರ್ಧೆಗಳಲ್ಲಿ ಅದನ್ನು 2010ರಲ್ಲಿ ಬಹುಮಟ್ಟಿಗೆ, 2013ರಲ್ಲಿ ಸಂಪೂರ್ಣವಾಗಿ ನಿಷೇಧಿಸಲಾಯಿತು. ಈ ಕುರಿತು ನನ್ನದೇ ಒಂದು ಅನುಭವವನ್ನು ಹೇಳಿಕೊಳ್ಳುತ್ತೇನೆ. ಸುಮಾರು 40 ವರ್ಷಗಳ ಹಿಂದೆ, ಗರಡಿಯಲ್ಲಿ ನಾಲ್ಕು ಪಟ್ಟು ಕಲಿತ ಗರ್ವದಿಂದ ನಾನೊಂದು ಜೂಡೋ ಶಿಬಿರಕ್ಕೆ ಹೋಗಿದ್ದೆ. ಮೊದಲ ವಾರವೆಲ್ಲ ಬೀಳುವುದನ್ನೇ ಕಲಿಸುತ್ತಿದ್ದರು. "ಬೀಳುವುದನ್ನು ನನಗೇನು ಕಲಿಸುತ್ತೀರಿ?" ಎಂದು ಮನಸ್ಸಿನಲ್ಲಿಯೇ ನಕ್ಕು ಆ ಪಾಠವನ್ನು ಉದಾಸೀನ ಮಾಡಿದೆ. ಜೂಡೋದಲ್ಲಿ ಬೆನ್ನಿನ ಮೇಲೆ ಬಿದ್ದು, ತೋಳನ್ನು ಮ್ಯಾಟಿಗೆ ಬಡಿದು ಪೆಟ್ಟನ್ನು ಹಂಚಿಹಾಕಬೇಕು. ಕುಸ್ತಿಯವನಿಗಾದರೋ ಬೆನ್ನು ನೆಲಕ್ಕೆ ತಾಗುವುದೆಂದರೆ ಮರ್ಯಾದೆ ಹೋದಂತೆ. ಎಂಟನೆಯ ದಿನ ಜೊತೆಗಾರನು ನನ್ನನ್ನೆಸೆದಾಗ ನನ್ನ ಮೈ ನನ್ನ ಮಾತು ಕೇಳದೆ ಗಾಳಿಯಲ್ಲಿಯೇ ಹೊರಳಿತು, ಕೈ ಮುಂದೆ ಚಾಚಿತು. ಮಣಿಕಟ್ಟು ಮುರಿಯಿತು. ಇಂದಿಗೂ ಮಾಗಿಯ ಚಳಿಯಲ್ಲಿ ಅದು ನೋಯುತ್ತದೆ. ತಪ್ಪು ಕುಸ್ತಿಯದೂ ಅಲ್ಲ, ಜೂಡೋದ್ದೂ ಅಲ್ಲ. ಕಲಿಯಲು ಹೋದವನು ತಾನು ಕಲಿತವನೆಂದು ಭಾವಿಸಿದುದೇ ತಪ್ಪು.

ಮುಷ್ಟಿ ಮತ್ತು ಪಾದಗಳಿಂದ ಹೊಡೆಯುವ ಕರಾಟೆಯಂತಹ ವಿದ್ಯೆಗೂ ಕುಸ್ತಿಗೂ ಸಂಬಂಧವೇ ಇಲ್ಲವೆಂಬ ವಾದವೂ ಸಭೆಯಲ್ಲಿ ಕೇಳಿಬಂತು. ಹೊಡೆತ ಹಾಗೂ ಹಿಡಿತಗಳನ್ನು ಬೆಸೆಯುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ಮುಷ್ಟಿಯ ಏಟೂ ಮಲ್ಲಯುದ್ಧದ ಹಿಡಿತವೂ ಕೂಡಿಯೇ ಬಂದಿವೆ. ಬೋಳಿಸಿದ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಕ್ಷಣಮಾತ್ರದಲ್ಲಿ ಮುಗಿಯುವ ಆ ಕಾಳಗದ ಹಿಂದೆ ಗರಡಿಯ ದೀರ್ಘ ಸಾಧನೆ ಇರುತ್ತದೆ.

ಆದರೂ ವಾಸ್ತವವನ್ನು ಮರೆಮಾಚಬಾರದು. ನಮ್ಮ ಗರಡಿಯಲ್ಲಿ ನಾಲ್ಕು ವರ್ಷ ಸಾಮು ಮಾಡಿದ ಹುಡುಗನೊಬ್ಬ ಹೈಸ್ಕೂಲಿಗೆ ಬಂದ ಮೇಲೆ ಪಟ್ಟಣದ ಕರಾಟೆ ತರಗತಿಗೆ ಸೇರಿದ. ಅವನೊಡನೆ ಯಾವ ಅಭ್ಯಾಸವೂ ಇಲ್ಲದ ಅವನ ಸಹಪಾಠಿಯೂ ಸೇರಿದ. ಮೊದಲ ಮೂರು ತಿಂಗಳು ಏನೂ ಬಾರದ ಹುಡುಗನೇ ಮುಂದಿದ್ದ. ಕುಸ್ತಿಯ ಹುಡುಗ ಸೊಂಟ ಬಗ್ಗಿಸಿ, ತಲೆ ಮುಂದೆ ಚಾಚಿ ನಿಲ್ಲುತ್ತಿದ್ದ, ಒದೆಯ ದಾರಿಗೇ ಮುಖವೊಡ್ಡಿದಂತೆ. ದೂರದಲ್ಲಿ ನಿಂತು ಹೊಡೆಯಬೇಕಾದಲ್ಲಿ ನುಗ್ಗಿ ತಬ್ಬಿಕೊಳ್ಳುತ್ತಿದ್ದ. ಶಿಕ್ಷಕರು ಗದರಿದರು, ಹುಡುಗ ನೊಂದು ಬಿಟ್ಟುಬಿಡುವುದರಲ್ಲಿದ್ದ. ನಾನು ಅವನನ್ನು ಕರೆದು, "ನೋಡಪ್ಪಾ, ಗರಡಿಯಲ್ಲಿ ನಿನ್ನ ತಲೆಗೆ ಯಾರೂ ಒದೆಯುವುದಿಲ್ಲ, ಆದ್ದರಿಂದ ಅಲ್ಲಿ ಬಗ್ಗುವುದು ಸರಿ. ಇಲ್ಲಿ ಒದೆಯುತ್ತಾರೆ, ಆದ್ದರಿಂದ ನೆಟ್ಟಗೆ ನಿಲ್ಲಬೇಕು" ಎಂದೆ. ಕಾರಣ ತಿಳಿದ ಮೇಲೆ ಅವನ ನಿಲುವು ತಾನಾಗಿ ತಿದ್ದಿಕೊಂಡಿತು. ವರ್ಷ ತುಂಬುವ ಹೊತ್ತಿಗೆ ಅವನ ಕಾಲಿನ ಸ್ಥಿರತೆಯನ್ನೂ ದಮ್ಮನ್ನೂ ಸರಿಗಟ್ಟುವವರು ಆ ತರಗತಿಯಲ್ಲಿ ಯಾರೂ ಇರಲಿಲ್ಲ. ಹಳೆಯ ಅಭ್ಯಾಸ ಮೊದಲು ಸಾಲವಾಗಿ ಕಂಡು ಆಮೇಲೆ ಬಂಡವಾಳವಾಯಿತು. ಆ ಮೂರು ತಿಂಗಳು ಹುಡುಗನ ಕೈಹಿಡಿಯುವವರು ಇಲ್ಲದೆ ಹೋಗಿದ್ದರೆ ಎರಡು ವಿದ್ಯೆಗಳೂ ಅವನನ್ನು ಕಳೆದುಕೊಳ್ಳುತ್ತಿದ್ದವು.

ಅನುಭವದಿಂದ ನಾನು ಕಂಡುಕೊಂಡ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಒಂದು ವಿದ್ಯೆಯನ್ನು ಆಳವಾಗಿ ಕಲಿತವನಿಗೆ ಇನ್ನೊಂದು ಖಂಡಿತವಾಗಿ ಸುಲಭವಾಗುತ್ತದೆ, ಆದರೆ ಮೊದಲ ದಿನವಲ್ಲ. ಸಾಮು ತಾನಾಗಿ ಜೊತೆಗೆ ಬರುತ್ತದೆ. ಪಟ್ಟನ್ನು ಪರೀಕ್ಷಿಸಿ ತರಬೇಕು. ಗರ್ವವನ್ನು ಬಾಗಿಲಲ್ಲಿಯೇ ಚಪ್ಪಲಿಯೊಡನೆ ಬಿಡಬೇಕು. ಇನ್ನು ಆರು ತಿಂಗಳು ಕುಸ್ತಿ, ಆರು ತಿಂಗಳು ಕರಾಟೆ, ಮತ್ತಾರು ತಿಂಗಳು ಟೇಕ್ವಾಂಡೋ ಎಂದು ಹಾರುವ ಮಗುವಿಗೆ ಒಂದರಿಂದ ಇನ್ನೊಂದಕ್ಕೆ ಕೊಂಡೊಯ್ಯುವುದಕ್ಕೆ ಏನೂ ಇರುವುದಿಲ್ಲ. ಹತ್ತು ಕಡೆ ಹತ್ತು ಅಡಿ ತೋಡಿದವನಿಗೆ ನೀರು ಸಿಗದೆಂಬುದನ್ನು ಬಾವಿಗಳು ಬತ್ತಿದ ನಮ್ಮ ಕೋಲಾರದವರಿಗೆ ಹೇಳಬೇಕಾಗಿಲ್ಲ.

ಆದುದರಿಂದ ಆಡಳಿತ ಮಂಡಳಿಯವರಲ್ಲಿಯೂ ದಾನಿಗಳಲ್ಲಿಯೂ ನನ್ನ ಅರಿಕೆ ಇಷ್ಟು. ಹೊಸ ಸಭಾಂಗಣ ಆಗಲಿ, ಆದರೆ ಗರಡಿಯ ಮೇಲಲ್ಲ, ಅದರ ಪಕ್ಕದಲ್ಲಿ. ಏಳನೆಯ ತರಗತಿಯವರೆಗೆ ಮಗು ಯಾವುದಾದರೂ ಒಂದೇ ವಿದ್ಯೆಯಲ್ಲಿ ನೆಲೆಯೂರಲಿ. ಆಮೇಲೆ ಆಸೆಪಟ್ಟರೆ ಎರಡನೆಯದಕ್ಕೆ ಹೋಗಲಿ, ಅಲ್ಲಿ ಮೊದಲ ಪಾಠದಿಂದಲೇ ಆರಂಭಿಸಲಿ. ಗರಡಿಯ ಗುರುಗಳೂ ಸಭಾಂಗಣದ ಶಿಕ್ಷಕರೂ ತಿಂಗಳಿಗೊಮ್ಮೆಯಾದರೂ ಕುಳಿತು, ಯಾವ ಮಗುವಿನ ಯಾವ ಚಾಳಿಯನ್ನು ಉಳಿಸಬೇಕು, ಯಾವುದನ್ನು ಬಿಡಿಸಬೇಕು ಎಂದು ಮಾತನಾಡಿಕೊಳ್ಳಲಿ. ಒಬ್ಬರು ಇನ್ನೊಬ್ಬರ ವಿದ್ಯೆಯನ್ನು ಮಕ್ಕಳೆದುರಿಗೆ ಹಳಿಯದಿರಲಿ.

ಗರಡಿಯ ಪರವಾಗಿ ಇಷ್ಟು ಬರೆದ ನಾನು ಅದರ ಒಂದು ಕೊರತೆಯನ್ನೂ ಒಪ್ಪಿಕೊಳ್ಳಲೇಬೇಕು. ನಮ್ಮ ಗರಡಿಯ ಹೊಸಿಲನ್ನು ಹೆಣ್ಣುಮಕ್ಕಳು ದಾಟುವ ರೂಢಿ ಬರಲೇ ಇಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ ಸೇರ್ಪಡೆಯಾಯಿತು. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಅವರು ಕಂಚಿನ ಪದಕವನ್ನು ಗೆದ್ದರು. ನಮ್ಮ ಶಾಲೆಯ ಹುಡುಗಿಯರಾದರೋ ಬೇಲಿಯಾಚೆ ನಿಂತು ಅಣ್ಣಂದಿರ ಕುಸ್ತಿಯನ್ನು ನೋಡಿದವರೇ ಹೊರತು ಆಡಿದವರಲ್ಲ. ಹೊಸ ಸಭಾಂಗಣದ ಬಾಗಿಲು ಮೊದಲು ಅವರಿಗೆ ತೆರೆಯುವುದಾದರೆ ದಾನಿಗಳ ಹಣ ಸಾರ್ಥಕವಾಯಿತೆಂದೇ ನಾನು ಭಾವಿಸುತ್ತೇನೆ. ಮ್ಯಾಟಿನ ಮೇಲೆ ಅಡಿಪಾಯ ಹಾಕಿಕೊಂಡ ಹುಡುಗಿಯೊಬ್ಬಳು ಮುಂದೊಂದು ದಿನ ಗರಡಿಯ ಮಣ್ಣನ್ನೂ ಕೇಳಿದರೆ, ಅದನ್ನು ಕೊಡಲು ಗರಡಿ ಅಲ್ಲಿ ಉಳಿದಿರಬೇಕು.

ಕಟ್ಟಡವನ್ನು ಹಣವಿದ್ದರೆ ಒಂದು ವರ್ಷದಲ್ಲಿ ಎಬ್ಬಿಸಬಹುದು. ತಲೆಮಾರುಗಳ ಬೆವರು ಕುಡಿದ ಮಣ್ಣನ್ನು ಒಮ್ಮೆ ಎತ್ತಿ ಹಾಕಿದರೆ ಮತ್ತೆ ತಂದು ತುಂಬುವುದು ಯಾರಿಂದಲೂ ಆಗದು. ಹಿರಿಯರು ಈ ಮಾತನ್ನು ಸಾವಧಾನವಾಗಿ ಆಲೋಚಿಸಿ ತೀರ್ಮಾನಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ.